ಮಧ್ಯಾಹ್ನ ಕನಸು ಕಾಣುವ ಊರು

ಆ ಊರಿನಲ್ಲಿ ರಾತ್ರಿ ಯಾರಿಗೂ ಕನಸು ಬೀಳುತ್ತಿರಲಿಲ್ಲ. ರಾತ್ರಿಯ ನಿದ್ದೆ ಬಾವಿಗೆ ಬಿದ್ದ ಕಲ್ಲಿನ ಹಾಗೆ, ಬಿತ್ತು, ಮುಳುಗಿತು, ಅಷ್ಟೆ. ಕನಸು ಬೀಳುತ್ತಿದ್ದದ್ದು ಮಧ್ಯಾಹ್ನ, ಮನುಷ್ಯನ ನೆರಳು ಅವನ ಕಾಲಡಿಗೇ ಬಂದು ಸೇರುವ ಹೊತ್ತಿನಲ್ಲಿ. ಅದೂ ಓದಿಗೆಂದು ಮಹಾಶಾಲೆ ಸೇರಿದವರಿಗೆ ಮಾತ್ರ. ಓದು ಎಂದರೂ ಅಲ್ಲಿ ಓಲೆಗರಿಯಿರಲಿಲ್ಲ, ಗ್ರಂಥವಿರಲಿಲ್ಲ. ಕನಸು ಕಾಣುವುದೇ ಓದು. ಕಂಡದ್ದಕ್ಕೆ ಅರ್ಥ ಪಡೆಯುವುದೇ ವಿದ್ಯೆ.

ಊರಿನ ಬೆನ್ನಿಗೆ ದೊಡ್ಡ ಕೆರೆಯೊಂದಿತ್ತು. ಅದರ ಏರಿ ಮೂಡಣದಿಂದ ಪಡುವಣದವರೆಗೆ ಗುಡ್ಡದ ಹಾಗೆ ಚಾಚಿಕೊಂಡಿತ್ತು. ಏರಿಯ ಕೆಳಗೆ ಮನೆ, ಕೇರಿ, ಅಂಗಡಿ, ಮಹಾಶಾಲೆ ಎಲ್ಲ. ಏರಿಯ ಮೇಲೆ ಯಾರೂ ಹತ್ತುತ್ತಿರಲಿಲ್ಲ. ಹತ್ತಬಾರದೆಂದು ಯಾರೂ ಹೇಳಿರಲಿಲ್ಲ. ಮಳೆ, ಬೆಳೆ, ಹುಟ್ಟು, ಸಾವು ಎಲ್ಲದರ ಸುದ್ದಿಯೂ ಕನಸಿನಲ್ಲೇ ಬರುವಾಗ ಹತ್ತಿ ನೋಡುವ ದರ್ದು ಯಾರಿಗಿತ್ತು?

ಮಹಾಶಾಲೆಗೆ ಒಂದೇ ಕಟ್ಟಳೆ. ತನ್ನ ಕನಸನ್ನು ಕುಲಪತಿಯ ಕಿವಿಗಲ್ಲದೆ ಬೇರೆ ಯಾರ ಕಿವಿಗೂ ಹಾಕಬಾರದು. ಹಾಕಿದರೆ ಹೇಳಿದವರ ನಾಲಿಗೆಯೂ ಕೇಳಿದವರ ನಾಲಿಗೆಯೂ ಕಲ್ಲಾಗುತ್ತದೆ. ಬೆಳಿಗ್ಗೆ ಕೊಳದಲ್ಲಿ ಕಾಲು ತೊಳೆಯುವಾಗ ವಿದ್ಯಾರ್ಥಿಗಳೆಲ್ಲ ಸಾಲಾಗಿ ನಿಂತು ಒಂದೇ ದನಿಯಲ್ಲಿ ಹೇಳುತ್ತಿದ್ದರು: "ಹಂಚಿದ ಕನಸು ಹಳಸಿದ ಅನ್ನ. ಹಂಚಿದ ಕನಸು ಹಳಸಿದ ಅನ್ನ."

ಮಧ್ಯಾಹ್ನವಾದರೆ ಕಂಬಗಳ ಮಂಟಪದಲ್ಲಿ ಒಬ್ಬೊಬ್ಬರೂ ತಂತಮ್ಮ ಕಂಬಕ್ಕೆ ಮುಖ ಮಾಡಿ, ಉಳಿದವರಿಗೆ ಬೆನ್ನು ಮಾಡಿ ಮಲಗುವರು. ಶಂಖ ಊದಿದಾಗ ಏಳುವರು. ಎದ್ದು, ಮಾತಿಲ್ಲದೆ, ಕುಲಪತಿಯ ಬಾಗಿಲಿಗೆ ಸಾಲುಗಟ್ಟುವರು. ಒಳಗೆ ಹೋದವರು ಕನಸು ಹೇಳುವರು. ಕುಲಪತಿ ಕಣ್ಣು ಮುಚ್ಚಿ ಕೇಳಿ, ಹಣೆಗೆ ಗಂಧವಿಟ್ಟು, ಅರ್ಥ ಹೇಳುವರು. ಅರ್ಥ ಪಡೆದವರು "ಹೌದು" ಎನ್ನಬೇಕು. ಮರೆಯದಿರಲೆಂದು ಮನೆ ಮುಟ್ಟುವವರೆಗೂ "ಹೌದು, ಹೌದು" ಎನ್ನುತ್ತಲೇ ನಡೆಯಬೇಕು. ಸಂಜೆಯಾದರೆ ಊರಿನ ಓಣಿಗಳಲ್ಲಿ ಪಾರಿವಾಳಗಳು ಗುಟುರು ಹಾಕಿದಂತೆ ಆ ಹೌದು ಹೌದು ಕೇಳಿಸುತ್ತಿತ್ತು. ಊರವರು ಅದನ್ನು ಕೇಳಿ, ನಮ್ಮ ಮಕ್ಕಳು ಕಲಿಯುತ್ತಿದ್ದಾರೆ ಎಂದು ನೆಮ್ಮದಿಯಾಗಿ ದೀಪ ಹಚ್ಚುತ್ತಿದ್ದರು.

ದೂರದ ಊರಿನಿಂದ ಅಲ್ಲಿಗೆ ಕಲಿಯಲು ಬಂದಿದ್ದಳು ನೇಕಾರನ ಮಗಳು. ಬಂದ ದಿನದಿಂದ ಅವಳಿಗೆ ಒಂದೇ ಕನಸು. ಒಂದು ಓಣಿ. ಎರಡೂ ಕಡೆ ಹಸಿರು ಬಳೆ, ಕೆಂಪು ಬಳೆ ತೂಗುಹಾಕಿದ ಅಂಗಡಿಗಳು. ಆ ಓಣಿಯಲ್ಲಿ ಒಂದು ಬಿಳಿ ಮೀನು ಅವಸರವಿಲ್ಲದೆ ಈಜುತ್ತ ಬರುತ್ತಿದೆ.

"ಮೀನು ಎಂದರೆ ಸಂಪತ್ತು" ಎಂದರು ಕುಲಪತಿ. "ಆ ಓಣಿಗೆ ಒಳ್ಳೆಯದಾಗುತ್ತದೆ."

"ಹೌದು" ಎಂದಳು ನೇಕಾರನ ಮಗಳು.

ಮೊದಲು ಜಗಲಿಯೆತ್ತರಕ್ಕೆ ಈಜುತ್ತಿದ್ದ ಮೀನು ದಿನ ಕಳೆದಂತೆ ಕಿಟಕಿಯೆತ್ತರಕ್ಕೆ ಬಂತು, ಆಮೇಲೆ ಬಾಗಿಲಿನ ಮೇಲ್ಪಟ್ಟಿಯೆತ್ತರಕ್ಕೆ. ಕುಲಪತಿ ಸಂತೋಷಪಟ್ಟರು. "ಸಂಪತ್ತು ಏರುತ್ತಿದೆ."

"ಹೌದು" ಎಂದಳು. ಬಾಗಿಲವರೆಗೆ ಹೋದವಳು ತಿರುಗಿದಳು. "ಗುರುಗಳೇ, ಎದ್ದಾಗ ನನ್ನ ಪಾದ ಒದ್ದೆಯಾಗಿತ್ತು."

"ಬೇಸಿಗೆಯಲ್ಲವೇ ಮಗಳೇ. ಬೆವರು."

ಆದರೆ ಮಳೆ ಹಿಡಿದು ಆಗಲೇ ಬಹಳ ದಿನವಾಗಿತ್ತು.

ಒಂದು ಸಂಜೆ ಅವಳು ಕೊಳದ ಮೆಟ್ಟಿಲ ಮೇಲೆ ಬಟ್ಟೆ ಜಾಲಿಸುತ್ತಿದ್ದಳು. ಪಕ್ಕದ ಮೆಟ್ಟಿಲಲ್ಲಿ ಹಾಡುಗಾರ ಕೂತಿದ್ದ. ಅವನೂ ವಿದ್ಯಾರ್ಥಿಯೇ, ಬಾಯಲ್ಲಿ ಸದಾ ಏನಾದರೊಂದು ಗುನುಗು ಇರುತ್ತಿದ್ದುದರಿಂದ ಆ ಹೆಸರು. ಅವತ್ತು ಅವನು ಗುನುಗದೆ ಮೊಣಕಾಲ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದ. ಧಿಂ, ಆಮೇಲೆ ಮೌನ, ಮತ್ತೆ ಧಿಂ. ನೇಕಾರನ ಮಗಳ ಕೈಯಲ್ಲಿದ್ದ ಬಟ್ಟೆ ನೀರಿನಲ್ಲೇ ನಿಂತಿತು. ಅವಳ ಮೀನು ಬಾಲ ಬಡಿಯುತ್ತಿದ್ದದ್ದು ಅದೇ ತಾಳಕ್ಕೆ.

"ಈ ತಾಳ ಎಲ್ಲಿ ಕೇಳಿದೆ?" ಎಂದುಬಿಟ್ಟಳು.

ಹಾಡುಗಾರ ಸುತ್ತ ನೋಡಿದ. "ನೀನು ಕೇಳಬಾರದಿತ್ತು."

"ಕೇಳಿ ಆಯಿತು."

"ನನ್ನ ಕನಸಿನಲ್ಲಿ" ಎಂದ ಅವನು, ತೀರ ಮೆಲ್ಲಗೆ. "ನೆಲದಡಿಯಲ್ಲಿ ಯಾರೋ ನಗಾರಿ ಬಡಿಯುತ್ತಾರೆ. ಗುರುಗಳು ಅದು ಮದುವೆಯ ಶಕುನ ಅಂದರು."

ಇಬ್ಬರೂ ನಾಲಿಗೆ ಕಲ್ಲಾಗುವುದನ್ನು ಕಾಯುತ್ತ ಕೂತರು. ಕೊಳದ ಮೇಲಿನ ಬೆಳಕು ಅರಿಶಿನದಿಂದ ಕೆಂಪಿಗೆ ತಿರುಗಿತು. ಕಪ್ಪೆಯೊಂದು ನೀರಿಗೆ ಹಾರಿತು. ಹಾಡುಗಾರ ನಾಲಿಗೆ ಹೊರಗೆ ಚಾಚಿ ಬೆರಳಿನಿಂದ ಮುಟ್ಟಿ ನೋಡಿಕೊಂಡ. ಮೆತ್ತಗೇ ಇತ್ತು. ಇಬ್ಬರಿಗೂ ನಗು ಬಂತು. ನಗುವಿನ ಹಿಂದೆಯೇ ಅಳುವಂಥದ್ದೇನೋ ಬಂತು. ಇಷ್ಟು ದಿನ ಬೆನ್ನು ತಿರುಗಿಸಿ ಮಲಗಿದ್ದು ಸುಮ್ಮಸುಮ್ಮನೆ ಎಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಆಮೇಲೆ ಅವರ ಜೊತೆ ಎತ್ತರದವಳು ಸೇರಿದಳು. ಅವಳು ನಡೆದರೆ ಎಲ್ಲರ ತಲೆಯ ಮೇಲೂ ಅವಳ ತಲೆ ಕಾಣುತ್ತಿತ್ತು, ಮಾತೂ ಹಾಗೆಯೇ ಮೇಲಿನಿಂದ ಬರುತ್ತಿತ್ತು. ಅವಳ ಕನಸಿನಲ್ಲಿ ಒಂದು ಗೋಡೆ. ಗೋಡೆಯ ಮೇಲೆ ಕೆಂಪು ಬಿಸಿಲು. ಬಿಸಿಲಿನಲ್ಲಿ ಒಂದು ಕಪ್ಪು ಗೆರೆ ಬಳ್ಳಿಯ ಹಾಗೆ ದಿನದಿನಕ್ಕೆ ಬೆಳೆಯುತ್ತಿತ್ತು. ಕುಲಪತಿ ಅದಕ್ಕೆ ದೀರ್ಘಾಯುಸ್ಸು ಎಂದು ಅರ್ಥ ಹೇಳಿದ್ದರು. ಇನ್ನೂ ಕೆಲವರು ಬಂದರು. ಕೊನೆಗೆ ಬಂದವನು ಮೊಂಡ. ಅವನು ಮಾತಿಗೊಮ್ಮೆ "ಅದು ಹೇಗೆ?" ಎನ್ನುವವನು, ಕುಲಪತಿಯ ಮುಂದೆ ಹೌದು ಎನ್ನಲು ತಡಮಾಡಿ ಸಾಲನ್ನೇ ನಿಲ್ಲಿಸುವವನು. ಹಾಗಾಗಿ ಆ ಹೆಸರು.

ಕೊಳದ ಹಿಂದೆ ಹೊಂಗೆಮರಗಳ ನೆರಳಿತ್ತು. ಅಲ್ಲಿ ಸಂಜೆ ದುಂಡಗೆ ಕೂತು, ಮುಖಕ್ಕೆ ಮುಖ ಮಾಡಿ, ಅವರು ತಮ್ಮ ಕನಸುಗಳನ್ನು ಒಂದೊಂದಾಗಿ ನಡುವೆ ಇಟ್ಟರು. ಮೀನು. ನೆಲದಡಿಯ ನಗಾರಿ. ಬೆಳೆಯುವ ಗೆರೆ. ಮಾತಾಡುತ್ತ ಮಾತಾಡುತ್ತ ಒಂದು ಸಂಜೆ ಅದು ತಾನಾಗಿಯೇ ಕೂಡಿಕೊಂಡಿತು. ಯಾರು ಮೊದಲು ಹೇಳಿದರೋ ಗೊತ್ತಿಲ್ಲ. ಕೆರೆ ಏರಿ ಬಿರುಕುಬಿಟ್ಟಿದೆ. ಕೆರೆ ಊರಿಗೆ ಬರುತ್ತಿದೆ.

"ಯಾವ ಕಡೆ?" ಎಂದ ಹಾಡುಗಾರ.

"ಮೂಡಣ ಕಡೆ" ಎಂದಳು ಎತ್ತರದವಳು. "ನನ್ನ ಗೋಡೆಯ ಮೇಲೆ ಕೆಂಪು ಬಿಸಿಲಿದೆ. ಹುಟ್ಟುವ ಸೂರ್ಯನ ಬಿಸಿಲು. ಮೂಡಣ ಕೇರಿಯವರನ್ನು ನಾಳೆ ಬೆಳಿಗ್ಗೆಯೇ ಪಡುವಣಕ್ಕೆ ಸಾಗಿಸಬೇಕು."

"ಹೌದು" ಎಂದರು ಒಬ್ಬರು. "ಹೌದು" ಎಂದರು ಇನ್ನೊಬ್ಬರು. ಎಲ್ಲರ ಕನಸೂ ಸೇರಿ ಒಂದು ಅರ್ಥವಾದ ಆ ಗಳಿಗೆ ಹಬ್ಬದ ಹಾಗಿತ್ತು. ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ನೇಕಾರನ ಮಗಳ ಎದೆಯಲ್ಲಿ ಒಂದು ಸಣ್ಣ ಮುಳ್ಳು ಆಡಿತು. ಅವಳ ಮೀನು ಈಜುತ್ತಿದ್ದದ್ದು ಬಳೆಗಾರರ ಕೇರಿಯಲ್ಲಿ. ಬಳೆಗಾರರ ಕೇರಿ ಇರುವುದು ಪಡುವಣಕ್ಕೆ. ನೀರು ಸುತ್ತಿಕೊಂಡು ಬರಬಹುದು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹೌದು ಎಂದಳು.

"ಅದು ಹೇಗೆ?" ಎಂದ ಮೊಂಡ.

ಎಲ್ಲರೂ ಅವನ ಕಡೆ ತಿರುಗಿದರು.

"ಮುಳುಗುವ ಸೂರ್ಯನೂ ಕೆಂಪಗೇ ಇರುತ್ತಾನಲ್ಲ. ನನ್ನ ಕನಸಿನಲ್ಲಿ ದನಗಳು ಬರುತ್ತವೆ. ಗೊರಸಿನ ಧೂಳೆಬ್ಬಿಸಿಕೊಂಡು, ಮೇವು ಮುಗಿಸಿ ಬರುವ ದನ. ಏರಿಯ ಹತ್ತಿರ ಬಂದು ನಿಂತುಬಿಡುತ್ತವೆ, ಮುಂದಕ್ಕೆ ಕಾಲಿಡುವುದಿಲ್ಲ. ದನ ಮನೆಗೆ ಬರೋದು ಸಂಜೆ. ಆ ಬಿಸಿಲು ಸಂಜೆಯದಾದರೆ ಗೋಡೆ ಪಡುವಣದ್ದು."

"ನಮ್ಮ ಕನಸುಗಳೆಲ್ಲ ಕೂಡಿಕೊಂಡಿವೆ. ನಿನ್ನದೊಂದು ಕೂಡಿಕೊಳ್ಳುತ್ತಿಲ್ಲ" ಎಂದಳು ಎತ್ತರದವಳು. "ಹಾಗಾದರೆ ತಪ್ಪು ಯಾರದು?"

"ಅದನ್ನೇ ನಾನೂ ಕೇಳುತ್ತಿರುವುದು."

"ಗುರುಗಳ ಹತ್ತಿರವೂ ಹೀಗೇ. ಇಲ್ಲಿಯೂ ಹೀಗೇ. ಬೇಡ ಮಾರಾಯ, ನೀನು ಎದ್ದು ಹೋಗು."

ಮೊಂಡ ಯಾರಾದರೂ ಏನಾದರೂ ಹೇಳಬಹುದೆಂದು ಸ್ವಲ್ಪ ಹೊತ್ತು ಕಾದ. ಆಮೇಲೆ ಎದ್ದು, ಪಂಚೆಯ ಧೂಳು ಕೊಡವಿ ಹೊರಟುಹೋದ. ದುಂಡು ಮುಚ್ಚಿಕೊಂಡಿತು. ಅವನು ಕೂತಿದ್ದ ಜಾಗ ಇತ್ತೆಂಬುದೂ ತಿಳಿಯದ ಹಾಗೆ.

ನೇಕಾರನ ಮಗಳು ಬಿಡಾರಕ್ಕೆ ನಡೆಯುವಾಗ ಹಿಂದೆ ಮುಂದೆ ಗೆಳೆಯರು ನಡೆಯುತ್ತಿದ್ದರು. "ಮೂಡಣ ಕಡೆ, ಹೌದು. ಮೂಡಣ ಕಡೆ, ಹೌದು." ಮನೆಗಳ ಬಾಗಿಲಲ್ಲಿ ಕೂತ ಹೆಂಗಸರು ಅದನ್ನು ಕೇಳಿ ನೆಮ್ಮದಿಯಿಂದ ದೀಪ ಹಚ್ಚಿದರು. ಅವಳ ಕಾಲು ನಿಂತಿತು. ಇದೇ ದನಿಯನ್ನು ಅವಳು ದಿನವೂ ಕುಲಪತಿಯ ಬಾಗಿಲಿನಿಂದ ಕೇಳುತ್ತ ಬಂದಿದ್ದಳು. ಆಗ ಒಬ್ಬೊಬ್ಬರೇ ಅನ್ನುತ್ತಿದ್ದರು. ಈಗ ಎಲ್ಲರೂ ಸೇರಿ ಅನ್ನುತ್ತಿದ್ದರು. ಅಷ್ಟೇ ಆದದ್ದು.

ಬೆಳಿಗ್ಗೆ ಎತ್ತರದವಳೂ ಹಾಡುಗಾರನೂ ಉಳಿದವರೂ ಮೂಡಣ ಕೇರಿಗೆ ಹೋದರು. ಮಹಾಶಾಲೆಯ ಮಕ್ಕಳ ಮಾತೆಂದರೆ ಊರಿಗೆ ನಂಬಿಕೆ. ಜನ ಚಾಪೆ ಸುತ್ತಿದರು, ಕೋಳಿ ಹಿಡಿದರು, ಬಾಣಂತಿಯರನ್ನು ಕೈಹಿಡಿದು ಇಳಿಸಿದರು. ಬಳೆಗಾರರ ಕೇರಿಯ ಜಗಲಿಗಳು ತುಂಬತೊಡಗಿದವು.

ನೇಕಾರನ ಮಗಳು ಮೊಂಡನನ್ನು ಹುಡುಕಿಕೊಂಡು ಹೋದಳು. ಅವನು ಬಿಡಾರದ ಹಿಂದೆ ಕೂತು, ಜಾಲಿಮುಳ್ಳಿನಿಂದ ಚಪ್ಪಲಿಯಲ್ಲಿ ನೆಟ್ಟ ಇನ್ನೊಂದು ಮುಳ್ಳನ್ನು ತೆಗೆಯುತ್ತಿದ್ದ.

"ನಿನ್ನೆ ಹೇಳಿದ್ದನ್ನು ಇನ್ನೊಂದು ಸಲ ಹೇಳು."

"ಹೇಳಿ ಆಯಿತಲ್ಲ. ನೀವೆಲ್ಲ ಅಲ್ಲ ಅಂದಿರಿ."

"ನಾನು ಅಲ್ಲ ಅನ್ನಲಿಲ್ಲ. ಸುಮ್ಮನಿದ್ದೆ."

"ಅದು ಇನ್ನೂ ಕೆಟ್ಟದ್ದು."

ಅವಳು ಅವನೆದುರು ನೆಲದ ಮೇಲೆ ಕೂತಳು. ಮೀನು ಈಜುವ ಓಣಿ ಬಳೆಗಾರರ ಕೇರಿ ಎಂದು ಹೇಳಿದಳು. ಮೊಂಡನ ಕೈ ನಿಂತಿತು.

"ಇದನ್ನು ನಿನ್ನೆ ಯಾಕೆ ಹೇಳಲಿಲ್ಲ?"

"ಎಲ್ಲರೂ ಅಷ್ಟು ಸಂತೋಷವಾಗಿದ್ದರು."

ಮೊಂಡ ಬೈಯುತ್ತಾನೆಂದು ಅವಳು ಕಾದಳು. ಬೈಯಲಿಲ್ಲ. "ಹಾಗಂತ ನನ್ನ ಮಾತೇ ಸರಿ ಅಂತಲೂ ಅಲ್ಲ" ಎಂದ. "ನಿನ್ನದೊಂದು ಮೀನು, ನನ್ನದೊಂದು ಹಿಂಡು ದನ. ಇಷ್ಟನ್ನೇ ನಂಬಿಕೊಂಡು ಮತ್ತೆ ಊರನ್ನೆಲ್ಲ ಎಬ್ಬಿಸೋದು ಹೇಗೆ?"

"ಮತ್ತೇನು ಮಾಡೋಣ?"

"ಹೋಗಿ ನೋಡೋಣ."

ಅಷ್ಟು ಸರಳವಾದ ಮಾತು. ಆ ಊರಿನಲ್ಲಿ ಅದನ್ನು ಅವಳು ಯಾರ ಬಾಯಲ್ಲೂ ಕೇಳಿರಲಿಲ್ಲ.

ದಾರಿಯಲ್ಲಿ ಎತ್ತರದವಳು ಸಿಕ್ಕಳು. ಮುದುಕಿಯೊಬ್ಬಳ ಗಂಟನ್ನು ತಲೆಯ ಮೇಲೆ ಹೊತ್ತಿದ್ದಳು. ವಿಷಯ ಕೇಳಿ ಅವಳ ಮುಖ ಕೆಂಪಾಯಿತು. "ಈಗ ಬಂದು ಹೇಳುತ್ತೀಯಲ್ಲ. ಅರ್ಧ ಕೇರಿ ದಾಟಿಸಿದ್ದೇವೆ."

"ನನ್ನ ತಪ್ಪು" ಎಂದಳು ನೇಕಾರನ ಮಗಳು. "ಆದರೆ ಬಾ. ಆ ಗೆರೆ ಕಂಡವಳು ನೀನೊಬ್ಬಳೇ. ಎದುರಿಗೆ ಸಿಕ್ಕರೆ ಗುರುತು ಹಿಡಿಯುವವಳೂ ನೀನೇ."

ಎತ್ತರದವಳು ಮೊಂಡನನ್ನು ನೋಡಲಿಲ್ಲ. ಗಂಟನ್ನು ಜಗಲಿಯ ಮೇಲಿಟ್ಟು ಹಾಡುಗಾರನನ್ನು ಕೂಗಿದಳು.

ನೆರಳು ಕಾಲಡಿಗೆ ಸೇರುವ ಹೊತ್ತಿಗೆ ನಾಲ್ವರೂ ಏರಿಯ ಮೇಲಿದ್ದರು. ಎಲ್ಲರೂ ಮಲಗಿರಬೇಕಾದ ಹೊತ್ತು. ಎಚ್ಚರವಾಗಿಯೇ ಆ ಹೊತ್ತನ್ನು ಕಂಡದ್ದು ಅವರಿಗೆ ಅದೇ ಮೊದಲು. ಕೆರೆ ಕಣ್ಣು ಹಾಯುವವರೆಗೂ ತುಂಬಿ, ಏರಿಯ ಅಂಚನ್ನು ನೆಕ್ಕುತ್ತ, ಹಿತ್ತಾಳೆಯ ಹರಿವಾಣದ ಹಾಗೆ ಹೊಳೆಯುತ್ತಿತ್ತು. ಇನ್ನೊಂದು ಬದಿಗೆ, ತೀರ ಕೆಳಗೆ, ಊರು ಉಸಿರು ಹಿಡಿದು ಮಲಗಿತ್ತು. ಯಾವುದು ನಿಜ, ಯಾವುದು ಕನಸು ಎಂದು ನೇಕಾರನ ಮಗಳಿಗೆ ಒಂದು ಕ್ಷಣ ತಿಳಿಯಲಿಲ್ಲ. ಗಾಳಿಗೆ ಅವಳ ಸೆರಗು ಹಾರಿತು. ಮಳೆ ಬಿಡುವು ಕೊಟ್ಟು ಕೆಲವು ದಿನವಾಗಿತ್ತು, ಪಾದದಡಿಯ ಮಣ್ಣು ಬಿಸಿಯಾಗಿತ್ತು.

ಮೂಡಣದ ಏರಿ ಗಟ್ಟಿಯಾಗಿತ್ತು. ಇರುವೆಗಳು ಅಲ್ಲಿ ಒಣಮಣ್ಣು ಗುಡ್ಡೆಹಾಕಿದ್ದವು. ಅವರು ಪಡುವಣಕ್ಕೆ ನಡೆದರು. ಅಲ್ಲಿ ಹುಲ್ಲು ಬೇರೆಲ್ಲ ಕಡೆಗಿಂತ ಹಸಿರಾಗಿತ್ತು. ಊರ ಕಡೆಯ ಇಳಿಜಾರಿನಲ್ಲಿ ಕಾಲಿಟ್ಟರೆ ನೆಲ ಜಗ್ಗುತ್ತಿತ್ತು. ಕಲ್ಲುಗಳ ಸಂದಿನಿಂದ ಕೆಂಪು ರಾಡಿನೀರು ಸದ್ದಿಲ್ಲದೆ ಒಸರುತ್ತಿತ್ತು. ಅದರ ಮೇಲೆ ಮನುಷ್ಯನೆತ್ತರಕ್ಕೆ, ಬಳ್ಳಿಯ ಹಾಗೆ ಕವಲೊಡೆದ ಕಪ್ಪು ಗೆರೆ.

ಎತ್ತರದವಳು ಅದರ ಮೇಲೆ ಅಂಗೈಯಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. "ಇದೇ" ಎಂದಳು. ಆಮೇಲೆ ಮೊಂಡನನ್ನು ನೋಡದೆಯೇ, "ಸಂಜೆಯ ಬಿಸಿಲು" ಎಂದಳು.

"ಮಣ್ಣು ತುಂಬಿ ಮುಚ್ಚಿಬಿಡೋಣ" ಎಂದ ಮೊಂಡ.

"ತುಂಬಿದರೆ ನಿಲ್ಲುತ್ತದೆಯೇ? ಅದು ಹೇಗೆ?" ಎಂದಳು ಎತ್ತರದವಳು. "ಹಿಂದೆ ಅಷ್ಟು ನೀರು ನಿಂತು ಒತ್ತುತ್ತಿದೆ."

ಮೊಂಡ ಕೈಗೆತ್ತಿಕೊಂಡಿದ್ದ ಮಣ್ಣನ್ನು ಕೆಳಗೆ ಬಿಟ್ಟ. ಅವಳು ಹೇಳಿದ್ದು ಸರಿಯಾಗಿತ್ತು.

ಹಾಡುಗಾರ ಅಷ್ಟರಲ್ಲಿ ನೆಲಕ್ಕೆ ಕಿವಿಯಿಟ್ಟು ಮಲಗಿದ್ದ. ಎದ್ದು ನಾಲ್ಕು ಹೆಜ್ಜೆ ಹೋಗಿ ಮತ್ತೆ ಮಲಗಿದ. ಹಾಗೆ ಕಿವಿ ಹಚ್ಚುತ್ತ ಹಚ್ಚುತ್ತ ಏರಿಯ ನಡುವಿನವರೆಗೆ ಹೋದ. "ನಗಾರಿ ಇಲ್ಲಿದೆ" ಎಂದು ಕೂಗಿದ. "ನೀರು ಯಾವುದನ್ನೋ ಬಡಿಯುತ್ತಿದೆ. ಮುಚ್ಚಿದ ಬಾಗಿಲನ್ನು ಬಡಿಯುವ ಹಾಗೆ."

ಅವನು ನಿಂತಲ್ಲಿಂದ ನೋಡಿದರೆ ಕೆರೆಯೊಳಗೆ ಎರಡು ಕಲ್ಲುಕಂಬಗಳ ತಲೆ ಕಾಣುತ್ತಿತ್ತು. ಅವು ಯಾಕಿವೆಯೆಂದು ನಾಲ್ವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದರ ಬಗ್ಗೆ ಯಾರಿಗೂ ಕನಸು ಬಿದ್ದಿರಲಿಲ್ಲ.

"ಒಬ್ಬರ ಕನಸು ಕೇಳುವುದು ಬಾಕಿ ಇದೆ" ಎಂದಳು ನೇಕಾರನ ಮಗಳು.

ಹಾಡುಗಾರ ಬಳೆಗಾರರ ಕೇರಿಗೆ ಓಡಿದ, ಜನರನ್ನು ಮತ್ತೆ ಎಬ್ಬಿಸಿ ಮೂಡಣಕ್ಕೆ ಹೊರಡಿಸಲು. ಉಳಿದ ಮೂವರು ಮಹಾಶಾಲೆಗೆ ಬಂದರು. ಮಂಟಪದಲ್ಲಿ ಉಳಿದ ವಿದ್ಯಾರ್ಥಿಗಳು ಕಂಬಕ್ಕೆ ಮುಖ ಮಾಡಿ ಮಲಗಿದ್ದರು. ಅವರನ್ನು ದಾಟಿಕೊಂಡು ಹೋಗಿ ನೇಕಾರನ ಮಗಳು ಕುಲಪತಿಯ ಬಾಗಿಲು ತಟ್ಟಿದಳು.

ಬಾಗಿಲು ತೆರೆದವರು ಆಗಷ್ಟೇ ನಿದ್ದೆಯಿಂದ ಎದ್ದಿದ್ದರು. ಹೆಗಲ ಮೇಲೆ ಶಾಲಿರಲಿಲ್ಲ. ಕಣ್ಣು ಒದ್ದೆಯಾಗಿತ್ತು. ಅವರು ಇಷ್ಟು ಮುದುಕರೆಂದು ಅವಳಿಗೆ ತಿಳಿದಿರಲಿಲ್ಲ.

ಅವಳು ಎಲ್ಲವನ್ನೂ ಹೇಳಿದಳು. ಮೀನು, ನಗಾರಿ, ಗೆರೆ, ದನ, ಏರಿಯ ಮೇಲೆ ಕಂಡದ್ದು, ಮೊದಲು ತಪ್ಪು ಅರ್ಥ ಮಾಡಿಕೊಂಡದ್ದು.

"ಕನಸು ಹಂಚಿಕೊಂಡಿರಿ" ಎಂದರು ಕುಲಪತಿ.

"ಹಂಚಿಕೊಂಡೆವು ಗುರುಗಳೇ. ನಾಲಿಗೆ ಕಲ್ಲಾಗಲಿಲ್ಲ."

"ನಾನು ಹೇಳಿದ ಅರ್ಥಗಳೆಲ್ಲ ಸುಳ್ಳೆನ್ನುತ್ತೀಯಾ?"

"ನನಗೆ ತಿಳಿಯದು. ನಾವು ಹೇಳಿದ ಅರ್ಥವೂ ಸುಳ್ಳಾಗಿತ್ತು. ಒಂದು ಕೇಳಲೇ?" ಅವಳು ತಡೆದು ಕೇಳಿದಳು. "ನಿಮಗೆ ಏನು ಕನಸು ಬೀಳುತ್ತದೆ?"

ಕುಲಪತಿ ಹೊಸ್ತಿಲ ಮೇಲೆ ಕೂತುಬಿಟ್ಟರು. ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಕೇಳುವ ಕಿವಿ ಅವರೊಬ್ಬರದೇ ಆದ ಊರಿನಲ್ಲಿ ಅವರು ಯಾರಿಗೆ ಹೇಳಬೇಕಿತ್ತು?

"ದಿನವೂ ಒಂದೇ" ಎಂದರು. ದನಿ ಸಣ್ಣಗಾಗಿತ್ತು. "ನೀರಿನೊಳಗೆ ಎರಡು ಕಂಬ. ಕಂಬಗಳ ನಡುವೆ ಒಂದು ಕಲ್ಲು, ಕಲ್ಲಿಗೆ ಬಳೆಯಂಥ ಕಬ್ಬಿಣ. ಬಹಳ ಕೈಗಳು ಸೇರಿ ಅದನ್ನು ಎಳೆಯುತ್ತಿವೆ. ಕೈ ಕಾಣುತ್ತವೆ, ಮುಖ ಕಾಣುವುದಿಲ್ಲ. ಆ ಕೈಗಳಲ್ಲಿ ಒಂದು ನನ್ನದು. ಕಲ್ಲು ಏಳುವಷ್ಟರಲ್ಲಿ ಎಚ್ಚರವಾಗುತ್ತದೆ." ಅವರು ತಲೆ ತಗ್ಗಿಸಿದರು. "ನನಗೆ ನಾನೇ ಅರ್ಥ ಹೇಳಿಕೊಂಡೆ. ಅದು ನನ್ನ ಸಾವು ಎಂದು. ಅದಕ್ಕೇ ಹೆದರಿಕೊಂಡು ಬದುಕಿದೆ."

"ತೂಬು" ಎಂದ ಮೊಂಡ, ತನಗೆ ತಾನೇ ಹೇಳಿಕೊಂಡ ಹಾಗೆ. "ಅದು ಕೆರೆಯ ತೂಬು, ನೀರು ಹೊರಗೆ ಬಿಡುವ ಬಾಗಿಲು. ಮುಚ್ಚಿದೆ."

ಕುಲಪತಿ ಅವನನ್ನು ನೋಡಿದರು. ಆಮೇಲೆ ಎದ್ದು ಮಂಟಪಕ್ಕೆ ಬಂದು, ಶಂಖಕ್ಕೂ ಕಾಯದೆ, ಮಲಗಿದವರ ಭುಜ ಮುಟ್ಟಿ ಒಬ್ಬೊಬ್ಬರನ್ನೇ ಎಬ್ಬಿಸತೊಡಗಿದರು.

ಊರಿನವರು ಬಾವಿಯ ಹಗ್ಗಗಳನ್ನು ತಂದು ಗಂಟುಹಾಕಿದರು. ಕಂಬಗಳವರೆಗೆ ಹೋಗುವವರು ಯಾರು ಎಂದಾಗ ಕುಲಪತಿ ಪಂಚೆ ಎತ್ತಿ ಕಟ್ಟಿ ನೀರಿಗಿಳಿದರು. ಮೊಂಡ ಅವರ ಕೈ ಹಿಡಿದ. "ಆಳ ಇದೆ ಗುರುಗಳೇ."

"ಮೆಟ್ಟಿಲಿದೆ" ಎಂದರು ಕುಲಪತಿ. "ಕನಸಿನಲ್ಲಿ ಎಷ್ಟೋ ಸಲ ಇಳಿದಿದ್ದೇನೆ. ಇದ್ದರೂ ಇರಬಹುದು. ನೋಡೋಣ."

ಮೆಟ್ಟಿಲಿತ್ತು. ಎದೆಮಟ್ಟದ ನೀರಿನಲ್ಲಿ ನಿಂತು, ಉಸಿರು ಕಟ್ಟಿ ಮುಳುಗಿ, ಕಬ್ಬಿಣದ ಬಳೆಗೆ ಇಬ್ಬರೂ ಹಗ್ಗ ಬಿಗಿದರು. ಏರಿಯ ಮೇಲೆ ಊರು ಸಾಲುಗಟ್ಟಿ ನಿಂತಿತು: ವಿದ್ಯಾರ್ಥಿಗಳು, ಬಳೆಗಾರರು, ಮೂಡಣ ಕೇರಿಯವರು, ಸೊಂಟಕ್ಕೆ ಸೆರಗು ಸಿಕ್ಕಿಸಿದ ಹೆಂಗಸರು. ಹಾಡುಗಾರ ತಾಳ ಕೊಟ್ಟ. ಧಿಂ ಎಂದಾಗ ಎಳೆದರು, ಮೌನದಲ್ಲಿ ಉಸಿರು ತೆಗೆದುಕೊಂಡರು. ಧಿಂ ಎಂದಾಗ ಎಳೆದರು. ನೇಕಾರನ ಮಗಳ ಅಂಗೈ ಸುಲಿಯಿತು. ಅವಳ ಮುಂದೆ ಎತ್ತರದವಳ ಬೆನ್ನು, ಹಿಂದೆ ಹೆಸರರಿಯದ ಯಾರದೋ ಉಸಿರು. ಎಷ್ಟು ಹೊತ್ತು ಎಳೆದರೋ ಯಾರಿಗೂ ತಿಳಿಯದು. ಒಮ್ಮೆಗೇ ಹಗ್ಗ ಹಗುರಾಯಿತು. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ನೆಲದಡಿಯಲ್ಲಿ ಏನೋ ದೀರ್ಘವಾಗಿ ನಿಟ್ಟುಸಿರುಬಿಟ್ಟಿತು. ಊರಾಚೆ, ಯಾರೂ ಕಾಲುವೆಯೆಂದು ತಿಳಿಯದೆ ದನ ಕಟ್ಟುತ್ತಿದ್ದ ತಗ್ಗಿನಲ್ಲಿ, ನೀರು ಓಡತೊಡಗಿತು.

ಕೆರೆ ಇಳಿಯಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಪಡುವಣದ ಏರಿ ಒಂದು ಕಡೆ ಜಾರಿತು. ಬಳೆಗಾರರ ಕೇರಿಗೆ ನೀರು ಬಂತು, ಆದರೆ ಜಗಲಿಯೆತ್ತರಕ್ಕೆ ಮಾತ್ರ, ಖಾಲಿ ಮನೆಗಳಿಗೆ ಮಾತ್ರ. ಕೆಲವು ಬಳೆ ಒಡೆದವು. ಜಾರಿದ ಏರಿಯ ಬುಡದಲ್ಲೇ ಇದ್ದ ಮಹಾಶಾಲೆಯ ಮಂಟಪಕ್ಕೆ ಕೆಸರು ನುಗ್ಗಿ ಕಂಬಗಳು ಅರ್ಧ ಹೂತುಹೋದವು. ಊರಿನಲ್ಲಿ ಒಬ್ಬರೂ ಸಾಯಲಿಲ್ಲ.

ಅದಾದ ಮೇಲೆ ಮಲಗಲು ಮಂಟಪವಿರಲಿಲ್ಲ. ವಿದ್ಯಾರ್ಥಿಗಳು ಹೊಂಗೆಮರಗಳ ಕೆಳಗೆ ಎಲ್ಲಿ ನೆರಳಿತ್ತೋ ಅಲ್ಲಿ ಮಲಗಿದರು. ಯಾರ ಬೆನ್ನು ಯಾವ ಕಡೆ ಎಂದು ಯಾರೂ ನೋಡಲಿಲ್ಲ. ಎದ್ದಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಅಲ್ಲೇ ಕಣ್ಣುಜ್ಜಿಕೊಳ್ಳುತ್ತ ಕೂತರು. ಕುಲಪತಿಯೂ ಒಂದು ಬೇರಿನ ಮೇಲೆ ಕೂತರು. ಮೊಂಡನಿಗೂ ಎತ್ತರದವಳಿಗೂ ಮಾತಿಗೆ ಮಾತು ಬೆಳೆದಿತ್ತು. ಏರಿ ಜಾರಿದ ಕಡೆ ಮೊದಲು ಕಲ್ಲು ಕಟ್ಟಬೇಕೋ ಮಣ್ಣು ತುಂಬಬೇಕೋ ಎಂದು. ನೇಕಾರನ ಮಗಳು ಅಂಗೈಗೆ ಕಟ್ಟಿದ ಬಟ್ಟೆ ಬಿಚ್ಚಿ ಗಾಯ ನೋಡಿಕೊಳ್ಳುತ್ತ ಇಬ್ಬರ ಮಾತನ್ನೂ ಕೇಳುತ್ತಿದ್ದಳು.

ಆಗ ಹೊಸದಾಗಿ ಸೇರಿದವಳೊಬ್ಬಳು ಎದ್ದು ಬಂದು ಕುಲಪತಿಯ ಮುಂದೆ ಮಂಡಿಯೂರಿದಳು. ಅವರ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು. ಹೇಳಿ ಮುಗಿಸಿ, ಗಂಧಕ್ಕೆಂದು ಹಣೆ ಮುಂದೆ ಮಾಡಿ ಕಾದಳು. ಮಾತಾಡುತ್ತಿದ್ದವರೂ ಮಾತು ನಿಲ್ಲಿಸಿದರು.

"ಇದರ ಅರ್ಥ ನನಗೆ ಗೊತ್ತಿಲ್ಲ" ಎಂದರು ಕುಲಪತಿ. ಕೂತ ಬೇರಿನ ಮೇಲೆ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿಕೊಟ್ಟರು. "ಇಲ್ಲಿ ಕೂತುಕೋ ಮಗಳೇ. ಅವರ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳು."